ಆಟ ಮತ್ತು ಟೀಕೆ

‘ಟೀಕೆ’ ಎಂಬ ಶಬ್ದವು ಇಂದು ಜನರ ಬಾಯಲ್ಲಿ ಪಡೆದಿರುವ ಅರ್ಥವು ಅದರ ಮೂಲಾರ್ಥವಲ್ಲ. ನಾವು ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಟೀಕೆಯೆಂದರೆ ಗ್ರಂಥದ ಅರ್ಥವನ್ನು ಬಿಡಿಸಿ ತೋರಿಸುವ ಬರವಣಿಗೆ ಎಂದೇ ತಿಳಿದಿದ್ದೆವು. ಅಲ್ಲಮಪ್ರಭುದೇವರ ಬೆಡಗಿನ ವಚನಗಳನ್ನು ನಮ್ಮ ಗುರುಗಳು ಟೀಕೆಯ ನೆರವಿಲ್ಲದೆ ಪಾಠ ಹೇಳುತ್ತಿರಲಿಲ್ಲ. ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ರಚಿಸಿದ ಮಲ್ಲಿನಾಥಸೂರಿಯು, ಆಧಾರವಿಲ್ಲದುದನ್ನು ತಾನು ಸೇರಿಸುವುದಿಲ್ಲವೆಂದೂ ಅಗತ್ಯಕ್ಕೆ ಮೀರಿ ಮಾತನಾಡುವುದಿಲ್ಲವೆಂದೂ ತನಗೆ ತಾನೇ ನಿಯಮ ಹಾಕಿಕೊಂಡಿದ್ದನು. ಇಂದಾದರೋ ಟೀಕೆಯೆಂದರೆ ದೂಷಣೆಯೆಂದೇ ಅರ್ಥ. ಈ ಎರಡು ಅರ್ಥಗಳ ನಡುವಣ ಅಂತರವನ್ನು ನಾವು ಸ್ಪಷ್ಟವಾಗಿ ಕಂಡದ್ದು ಯಾವ ಪಂಡಿತಸಭೆಯಲ್ಲಿಯೂ ಅಲ್ಲ. ಅಮೇರಿಕದ ಕಾಲೇಜು ಹುಡುಗರ ಐಸ್ ಹಾಕಿ ಆಟದಲ್ಲಿ.

2022ರ ನವೆಂಬರಿನಿಂದ ಮುಂದಿನ ಏಪ್ರಿಲ್‌ವರೆಗೆ ನಾವು ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿ ಮಗಳ ಮನೆಯಲ್ಲಿದ್ದೆವು. ಅಲ್ಲಿಯ ಚಳಿಗಾಲವು ನಮ್ಮವರ ಊಹೆಗೆ ನಿಲುಕುವಂಥದಲ್ಲ. ಕೆರೆಗಳೆಲ್ಲ ಗಟ್ಟಿಯಾಗಿ ಹೆಪ್ಪುಗಟ್ಟುತ್ತವೆ. ಅವುಗಳ ಮೇಲೆ ಮಕ್ಕಳು ಉಕ್ಕಿನ ಅಲಗಿನ ಪಾದರಕ್ಷೆ ಕಟ್ಟಿಕೊಂಡು ಹಾಕಿ ಆಡುತ್ತಾರೆ. ನಮ್ಮ ಹಳ್ಳಿಯ ಹುಡುಗರಿಗೆ ಕಬಡ್ಡಿ ಹೇಗೋ ಅಲ್ಲಿಯ ಹುಡುಗರಿಗೆ ಈ ಆಟ ಹಾಗೆ. ಮಿಸಿಸಿಪ್ಪಿ ನದಿಯ ಎರಡೂ ದಡಗಳಲ್ಲಿ ಹಬ್ಬಿರುವ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡಕ್ಕೆ ಗೋಫರ್ಸ್ ಎಂದು ಹೆಸರು. ಗೋಫರ್ ಎಂದರೆ ನೆಲದಲ್ಲಿ ಬಿಲ ತೋಡುವ ಒಂದು ಸಣ್ಣ ಪ್ರಾಣಿ. ಹನ್ನೆರಡು ವರ್ಷದ ನಮ್ಮ ಮೊಮ್ಮಗನು ಈ ತಂಡದ ಪರಮ ಭಕ್ತ. ಹೊರಗೆ ಕಾಲಿಡಲಾಗದ ಆ ತಿಂಗಳುಗಳಲ್ಲಿ ಅವನ ಪಕ್ಕದಲ್ಲಿ ಕುಳಿತು ನಾವೂ ಆ ತಂಡದ ಅಭಿಮಾನಿಗಳಾದೆವು.

ಈ ಆಟವನ್ನು ಅರಿಯದವರಿಗಾಗಿ ಎರಡು ಮಾತು. ಒಂದೊಂದು ಪಕ್ಷದಲ್ಲಿ ಗೋಲ್‌ಕೀಪರನೂ ಸೇರಿ ಆರು ಜನ. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ. ಇಪ್ಪತ್ತು ನಿಮಿಷಗಳ ಮೂರು ಅವಧಿ. ಓಟದ ವೇಗ ಎಷ್ಟೆಂದರೆ, ಒಬ್ಬ ಆಟಗಾರನು ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು ಆಡಿ ಹೊರಬರುತ್ತಾನೆ. ಆಟ ನಡೆಯುತ್ತಿರುವಾಗಲೇ ಇನ್ನೊಬ್ಬನು ಒಳಗೆ ಹೋಗುತ್ತಾನೆ. ತಪ್ಪು ಮಾಡಿದವನು ಸಾಮಾನ್ಯವಾಗಿ ಎರಡು ನಿಮಿಷ ಪಕ್ಕದ ಪೆಟ್ಟಿಗೆಯಂಥ ಸ್ಥಳದಲ್ಲಿ ಕುಳಿತಿರಬೇಕು; ಅಷ್ಟು ಹೊತ್ತು ಅವನ ತಂಡವು ಒಬ್ಬನಿಲ್ಲದೆ ಸೆಣಸಬೇಕು. ಒಬ್ಬನ ಅಪರಾಧಕ್ಕೆ ಉಳಿದವರೆಲ್ಲ ಬೆವರು ಸುರಿಸುವ ಈ ನಿಯಮವು ನಮಗೆ ಬಹಳ ಹಿಡಿಸಿತು. ಕೂಡುಕುಟುಂಬದಲ್ಲಿ ಬೆಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಕಾಲೇಜು ಹುಡುಗರ ಆಟವೆಂದು ಇದನ್ನು ಕಡೆಗಣಿಸುವಂತಿಲ್ಲ. 1980ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅಮೇರಿಕವನ್ನು ಪ್ರತಿನಿಧಿಸಿದವರು ಕಾಲೇಜು ತಂಡಗಳಲ್ಲಿ ಬೆಳೆದ ತರುಣರು. ಅವರಲ್ಲಿ ಒಂಬತ್ತು ಮಂದಿ ಇದೇ ಮಿನ್ನೆಸೋಟ ವಿಶ್ವವಿದ್ಯಾಲಯದವರು. ಅವರ ಗುರು ಹರ್ಬ್ ಬ್ರೂಕ್ಸ್ ಇದೇ ವಿಶ್ವವಿದ್ಯಾಲಯಕ್ಕೆ 1974, 1976 ಮತ್ತು 1979ರಲ್ಲಿ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿದ್ದವರು. ಹಿಂದಿನ ನಾಲ್ಕು ಒಲಿಂಪಿಕ್ಸ್‌ಗಳಲ್ಲಿಯೂ ಚಿನ್ನ ಗೆದ್ದಿದ್ದ ಸೋವಿಯತ್ ತಂಡವನ್ನು ಈ ಹುಡುಗರು ಫೆಬ್ರವರಿ 22ರಂದು ಲೇಕ್ ಪ್ಲಾಸಿಡ್‌ನಲ್ಲಿ 4-3ರಿಂದ ಸೋಲಿಸಿದರು. ಕೆಲವೇ ದಿನಗಳ ಹಿಂದೆ ಅದೇ ಸೋವಿಯತ್ ತಂಡವು ಇವರನ್ನು 10-3ರಿಂದ ಮಣಿಸಿತ್ತು.

ಆ ಪಂದ್ಯದ ಜೊತೆಗೆ ಇನ್ನೊಂದು ಹೆಸರೂ ಉಳಿದಿದೆ. ದೂರದರ್ಶನದಲ್ಲಿ ವೀಕ್ಷಕ ವಿವರಣೆ ನೀಡಿದ ಆಲ್ ಮೈಕೆಲ್ಸ್‌ರ ಹೆಸರದು. ಕೊನೆಯ ಕ್ಷಣಗಳಲ್ಲಿ, ಪವಾಡಗಳಲ್ಲಿ ನಿಮಗೆ ನಂಬಿಕೆಯಿದೆಯೇ ಎಂದು ಅವರು ನೋಡುಗರನ್ನು ಕೇಳಿ, ಹೌದೆಂದು ತಾವೇ ಉತ್ತರಿಸಿದರು. ಅಮೇರಿಕದವರು ಇಂದಿಗೂ ಆ ಮಾತನ್ನು ನೆನೆಯುತ್ತಾರೆ. ಮಗಳ ಮನೆಯಲ್ಲಿ ಆ ಹಳೆಯ ಚಿತ್ರಿಕೆಯನ್ನು ನೋಡಿದಾಗ ನಮಗೆ ಆ ಮಾತಿಗಿಂತ ಹೆಚ್ಚು ಮನಸ್ಸಿಗೆ ಹತ್ತಿದ್ದು ಅದರ ನಂತರದ ಮೌನ. ಗೆದ್ದ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಅಪ್ಪಿಕೊಳ್ಳುತ್ತಿದ್ದಾಗ ಅವರು ಮಾತನ್ನು ಹಿಂತೆಗೆದುಕೊಂಡು ಜನರ ಘೋಷಕ್ಕೆ ದಾರಿ ಬಿಟ್ಟರು.

ನಮ್ಮ ತಲೆಮಾರಿನವರಿಗೆ ಇಂಥ ಧ್ವನಿ ಅಪರಿಚಿತವಲ್ಲ. 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಭಾರತವು ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಹಾಕಿ ವಿಶ್ವಕಪ್ ಗೆದ್ದಾಗ ನಾವು ಮಠದ ಪ್ರಸಾದನಿಲಯದಲ್ಲಿದ್ದ ಬಾಲಕರು. ಇಡೀ ನಿಲಯಕ್ಕೆ ಒಂದೇ ರೇಡಿಯೋ. ವಿವರಣೆ ನೀಡುತ್ತಿದ್ದವರು ಜಸದೇವ್ ಸಿಂಗ್, ಭಾಷೆ ಹಿಂದಿ. ನಮ್ಮಲ್ಲಿ ಅನೇಕರಿಗೆ ಪರೀಕ್ಷೆಯಲ್ಲಿ ಪಾಸಾಗುವಷ್ಟೂ ಹಿಂದಿ ಬರುತ್ತಿರಲಿಲ್ಲ. ಆದರೂ ಚೆಂಡು ಎತ್ತ ಹೋಯಿತೆಂಬುದನ್ನು ನಾವು ಆ ಧ್ವನಿಯಲ್ಲಿಯೇ ಕಂಡೆವು. ಸುರ್ಜಿತ್ ಸಿಂಗ್ ಸಮಗೊಳಿಸಿದ್ದು, ಅಶೋಕ್ ಕುಮಾರ್ ಗೆಲುವಿನ ಗೋಲು ಹೊಡೆದದ್ದು, ಕೊಡಗಿನ ಬಿ. ಪಿ. ಗೋವಿಂದ ಆ ತಂಡದಲ್ಲಿದ್ದರೆಂಬ ಹೆಮ್ಮೆ—ಎಲ್ಲವೂ ನಮಗೆ ಕಿವಿಯ ದಾರಿಯಿಂದಲೇ ಬಂದವು.

ಆದುದರಿಂದ ಅಮೇರಿಕದ ಇಂದಿನ ವಿವರಣೆಗಾರರನ್ನು ಕೇಳುವಾಗ ನಾವು ಅಳತೆಗೋಲನ್ನು ಕೈಯಲ್ಲಿ ಹಿಡಿದೇ ಕುಳಿತಿದ್ದೆವು. ಅವರ ಸಿದ್ಧತೆ ದೊಡ್ಡದು. ಪ್ರತಿಯೊಬ್ಬ ಹುಡುಗನ ಊರು, ಓದು, ಹಿಂದಿನ ಶಾಲೆ ಎಲ್ಲವೂ ಅವರಿಗೆ ಕಂಠಸ್ಥ. ಅಂಥ ವೇಗದ ಆಟದಲ್ಲಿ ಹೆಸರುಗಳನ್ನು ತಡವರಿಸದೆ ಹೇಳುವುದೇ ಒಂದು ಸಾಧನೆ. ಆದರೆ ದೂರದರ್ಶನದಲ್ಲಿ ಮೂರು ದೋಷಗಳು ನಮ್ಮ ಕಿವಿಗೆ ಬಿದ್ದವು. ಪಕ್ ಗೋಲಿನ ಮುಂದೆ ಸುಳಿದಾಡುತ್ತಿರುವಾಗಲೂ ಬೇರೆ ಯಾವುದೋ ಕಥೆಯನ್ನು ಮುಂದುವರಿಸುವುದು ಒಂದು. ಯಾವ ಹುಡುಗನನ್ನು ಯಾವ ವೃತ್ತಿಪರ ತಂಡವು ಆಯ್ದುಕೊಂಡಿದೆಯೆಂಬುದನ್ನು ಮತ್ತೆ ಮತ್ತೆ ಹೇಳಿ, ವಿದ್ಯಾರ್ಥಿಯನ್ನು ಸಂತೆಯ ಹೋರಿಯಂತೆ ತೋರಿಸುವುದು ಇನ್ನೊಂದು. ಒಂದು ಗೋಲಾದೊಡನೆ ‘ಇದು ಯಾರ ತಪ್ಪು’ ಎಂದು ಹುಡುಕಿ, ಆ ಹುಡುಗನ ಮುಖವನ್ನು ನಾಲ್ಕು ಬಾರಿ ತೋರಿಸುವುದು ಮೂರನೆಯದು. ನಮಗೆ ದೊಡ್ಡದಾಗಿ ಕಂಡದ್ದು ಈ ಮೂರನೆಯದೇ.

ರೇಡಿಯೋ ಇವರಿಗಿಂತ ಮೇಲೆನಿಸಿತು. ನೋಡದವರಿಗೆ ತೋರಿಸಬೇಕಾದ ಹೊಣೆಯಿರುವುದರಿಂದ ಅಲ್ಲಿ ಹರಟೆಗೆ ಎಡೆಯಿಲ್ಲ. ಮೊಮ್ಮಗನು ದೂರದರ್ಶನದ ದನಿಯನ್ನು ಅಡಗಿಸಿ ರೇಡಿಯೋದ ವಿವರಣೆಯನ್ನು ಹಾಕುತ್ತಿದ್ದನು. ಇದರಲ್ಲಿ ಒಂದು ವಿಚಿತ್ರವಿತ್ತು. ಅವರ ಮನೆಯ ಪರದೆಯ ಮೇಲಿನ ಚಿತ್ರವು ರೇಡಿಯೋಗಿಂತ ಎಷ್ಟೋ ಸೆಕೆಂಡು ಹಿಂದುಳಿಯುತ್ತಿತ್ತು. ಮೊದಲು ಕೇಳಿ ಆಮೇಲೆ ಕಾಣಬೇಕು. ಶ್ರವಣವೇ ಮೊದಲು, ದರ್ಶನ ಆಮೇಲೆ ಎಂದು ನಾವು ವಿನೋದಕ್ಕೆ ಹೇಳುತ್ತಿದ್ದೆವು. ಅದರ ಕಠಿಣವಾದ ಮುಖವನ್ನು 2023ರ ಏಪ್ರಿಲ್ 8ರ ರಾತ್ರಿ ಕಂಡೆವು.

ಆ ವರ್ಷದ ತಂಡ ನಿಜಕ್ಕೂ ಬಲಿಷ್ಠವಾಗಿತ್ತು. ಕೂಲಿ, ನೈಸ್, ಸ್ನಗರುಡ್ ಎಂಬ ಮೂವರು ತರುಣರ ಮುಂಚೂಣಿಯು ಒಬ್ಬನ ಮನಸ್ಸು ಇನ್ನೊಬ್ಬನಿಗೆ ಗೊತ್ತಿರುವಂತೆ ಆಡುತ್ತಿತ್ತು. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಕನಿಸಿಯಸ್ ತಂಡವನ್ನು 9-2ರಿಂದ, ಸೇಂಟ್ ಕ್ಲೌಡ್ ತಂಡವನ್ನು 4-1ರಿಂದ, ಉಪಾಂತ್ಯದಲ್ಲಿ ಬಾಸ್ಟನ್ ವಿಶ್ವವಿದ್ಯಾಲಯವನ್ನು 6-2ರಿಂದ ಸೋಲಿಸಿ ಅವರು ಟ್ಯಾಂಪಾ ನಗರದ ಅಂತಿಮ ಪಂದ್ಯಕ್ಕೆ ಬಂದಿದ್ದರು. ಎದುರಾಳಿ ಕನೆಕ್ಟಿಕಟ್ ರಾಜ್ಯದ ಕ್ವಿನ್ನಿಪಿಯಾಕ್. ಅದುವರೆಗೆ ಒಮ್ಮೆಯೂ ಪ್ರಶಸ್ತಿ ಗೆಲ್ಲದ ತಂಡ. ಮಿನ್ನೆಸೋಟವು 2-0ರಿಂದ ಮುಂದಾಯಿತು. ಗೋಲು ಹೊಡೆದವರು ಆ ಮೂವರಲ್ಲ, ಬೇರೆ ಇಬ್ಬರು. ಅಲ್ಲಿಂದ ಮುಂದೆ ಗೋಫರ್‌ಗಳು ಗಳಿಸಿದ್ದನ್ನು ಕಾಯತೊಡಗಿದರೆಂಬುದು ನಮ್ಮ ಅಭಿಪ್ರಾಯ. ಮುಂದೆ ಹೋಗಿ ಒತ್ತುವುದನ್ನು ಬಿಟ್ಟು ಹಿಂದೆ ನಿಂತು ತಡೆಯುವುದಕ್ಕೆ ಇಳಿದರು. ಕ್ವಿನ್ನಿಪಿಯಾಕ್ ಮಾತ್ರ ತನ್ನ ಪಾಡಿಗೆ ತಾನು ಶಿಸ್ತಿನಿಂದ ಒತ್ತುತ್ತಲೇ ಇತ್ತು. ಒಂದು ಗೋಲು ತೀರಿಸಿತು. ಕೊನೆಗೆ ತನ್ನ ಗೋಲ್‌ಕೀಪರನನ್ನೇ ಹೊರಗೆ ಕರೆದು, ಗೋಲನ್ನು ಬರಿದಾಗಿ ಬಿಟ್ಟು, ದಾಳಿಗೆ ಇನ್ನೊಬ್ಬನನ್ನು ಇಳಿಸಿತು. ಪಂದ್ಯ ಮುಗಿಯಲು 2 ನಿಮಿಷ 47 ಸೆಕೆಂಡು ಇರುವಾಗ ಕಾಲಿನ್ ಗ್ರಾಫ್ ಸಮಗೊಳಿಸಿದನು.

ಹೆಚ್ಚುವರಿ ಅವಧಿಯಲ್ಲಿ ಮೊದಲ ಗೋಲು ಹೊಡೆದವರೇ ವಿಜೇತರು. ನಮ್ಮ ಪರದೆಯ ಮೇಲೆ ಆಟಗಾರರು ಆಗ ತಾನೇ ಮಧ್ಯದ ವೃತ್ತದ ಸುತ್ತ ನಿಲ್ಲುತ್ತಿದ್ದರು. ಅಷ್ಟರಲ್ಲಿ ರೇಡಿಯೋದಲ್ಲಿ ಎಲ್ಲವೂ ಮುಗಿದುಹೋಯಿತು. ಹತ್ತೇ ಸೆಕೆಂಡಿನಲ್ಲಿ ಜೇಕಬ್ ಕ್ವಿಲ್ಲನ್ ಗೋಲು ಹೊಡೆದಿದ್ದನು. ಸೋಲು ನಮಗೆ ತಿಳಿದಿತ್ತು. ಪರದೆಯ ಮೇಲಿನ ಹುಡುಗರಿಗೆ ಇನ್ನೂ ತಿಳಿದಿರಲಿಲ್ಲ. ಕೋಲು ನೆಲಕ್ಕೆ ಊರಿ, ಬೆನ್ನು ಬಾಗಿಸಿ, ಅವರು ಗೆಲ್ಲಲೆಂದೇ ನಿಂತಿದ್ದರು. ಆ ಕೆಲವು ಸೆಕೆಂಡುಗಳಲ್ಲಿ ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ.

ಚಿತ್ರದಲ್ಲಿಯೂ ಗೋಲಾದ ಮೇಲೆ ಮೊಮ್ಮಗನ ಬಾಯಿಂದ ಮಿನ್ನೆಸೋಟದ ಗೋಲ್‌ಕೀಪರನ ಮೇಲೆ ಕೆಟ್ಟ ಮಾತುಗಳು ಬಂದವು. ಅವನು ದಂಡಪಿಂಡವೆಂದೂ ಅವನಿಂದಲೇ ಎಲ್ಲ ಹಾಳಾಯಿತೆಂದೂ ಅದರ ಸಾರಾಂಶ. ನಾವು ಗದರಿಸಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದೆವು: “ಈಗ ಒಂದು ನಿಮಿಷದ ಹಿಂದೆ, ನಮಗೆ ಗೊತ್ತಿದ್ದು ಅವನಿಗೆ ಗೊತ್ತಿಲ್ಲದಾಗ, ಅವನು ನಿನ್ನ ಕಣ್ಣಿಗೆ ಹೇಗೆ ಕಂಡನು?” ಹುಡುಗನು ಬಹಳ ಹೊತ್ತು ಸುಮ್ಮನಿದ್ದನು. ಬಳಿಕ, “ಪಾಪ ಅನ್ನಿಸಿತು ಅಜ್ಜ” ಎಂದನು. ಅದೇ ಆಟಗಾರ, ಅದೇ ಗೋಲು. ನಡುವೆ ಬದಲಾದದ್ದು ನಮ್ಮ ಮಾತು ಮಾತ್ರ.

ಇದಕ್ಕೆ ಒಂದು ಆಕ್ಷೇಪವುಂಟು. ಈಗ ಈ ಆಟಗಾರರು ಬರಿಯ ವಿದ್ಯಾರ್ಥಿಗಳಲ್ಲ. 2021ರ ಜುಲೈಯಿಂದ ತಮ್ಮ ಹೆಸರು ಮತ್ತು ಚಿತ್ರಗಳ ಬಳಕೆಯಿಂದ ಹಣ ಗಳಿಸಲು ಅವರಿಗೆ ಅನುಮತಿಯಿದೆ. ಹಣ ಪಡೆದವರು ಮಾತು ಕೇಳಲಿ ಎಂದು ಅಳಿಯನವರು ವಾದಿಸಿದರು. ವಾದದಲ್ಲಿ ಹುರುಳಿದೆ. ಆಟವನ್ನು ಪರೀಕ್ಷಿಸಬಾರದೆಂದು ನಾವೂ ಹೇಳುವುದಿಲ್ಲ. ಎರಡು ಗೋಲುಗಳ ಮುನ್ನಡೆಯನ್ನು ಕಾಯಲು ಹೋಗಿ ಕಳೆದುಕೊಂಡರೆಂದು ಮೇಲೆ ನಾವೇ ಬರೆದಿದ್ದೇವೆ. ಆದರೆ ಕೃತಿಯನ್ನು ತೂಗುವುದು ಬೇರೆ, ಕರ್ತೃವನ್ನು ಹೀಗಳೆಯುವುದು ಬೇರೆ. ಶರಣರು ಅನುಭವ ಮಂಟಪದಲ್ಲಿ ಒಬ್ಬರನ್ನೊಬ್ಬರು ಎಷ್ಟು ನಿಷ್ಠುರವಾಗಿ ಪ್ರಶ್ನಿಸುತ್ತಿದ್ದರೆಂಬುದನ್ನು ಶೂನ್ಯಸಂಪಾದನೆ ಓದಿದವರು ಬಲ್ಲರು. ಅಲ್ಲಿ ಪ್ರಶ್ನೆ ಹರಿತವಾಗಿದೆ. ಪ್ರಶ್ನಿಸಲ್ಪಟ್ಟವರ ಘನತೆಗೆ ಊನವಿಲ್ಲ. ಗೆದ್ದವರು ಹೇಗೆ ಗೆದ್ದರೆಂಬುದನ್ನು ಮೊದಲು ಹೇಳುವ ಟೀಕೆಯು ಸೋತವರಿಗೆ ಪಾಠವಾಗುತ್ತದೆ. ಸೋತವನ ಮುಖವನ್ನಷ್ಟೇ ತೋರಿಸುವ ಟೀಕೆಯಿಂದ ಯಾರೂ ಏನನ್ನೂ ಕಲಿಯರು. ಆಟಗಾರನಿಗೆ ಅಭ್ಯಾಸವು ಕಾಯಕವಾದರೆ ವಿವರಣೆಗಾರನಿಗೆ ಮಾತೇ ಕಾಯಕ. ಕಾಯಕದಲ್ಲಿ ಕಲಬೆರಕೆ ಸಲ್ಲದು.

ಈ ಪತ್ರಿಕೆಯನ್ನು ಓದುವ ತಾಯಿತಂದೆಗಳು ಹಾಕಿಯನ್ನು ನೋಡದಿರಬಹುದು. ಆದರೆ ಪ್ರತಿ ವರ್ಷ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಫಲಿತಾಂಶಗಳು ಬಂದ ದಿನ ನಾವೆಲ್ಲರೂ ನಮ್ಮ ನಮ್ಮ ಮನೆಗಳಲ್ಲಿ ವಿವರಣೆಗಾರರೇ ಆಗುತ್ತೇವೆ. ಅಂಕಪಟ್ಟಿ ಕೈಗೆ ಬರುವ ಹಿಂದಿನ ದಿನ ಮಗುವು ನಮ್ಮ ಕಣ್ಣಿಗೆ ಹೇಗಿತ್ತು, ಬಂದ ಮರುಕ್ಷಣ ಹೇಗಾಯಿತು ಎಂಬುದನ್ನು ಒಮ್ಮೆ ಕೇಳಿಕೊಳ್ಳಬೇಕು. ಗಣಿತದಲ್ಲಿ ಎಲ್ಲಿ ತಪ್ಪಿತೆಂದು ಕೂತು ನೋಡುವುದು ಹಳೆಯ ಅರ್ಥದ ಟೀಕೆ; ಬಂಧುಗಳ ಮುಂದೆ ‘ಇವನ ಹಣೆಬರಹವೇ ಇಷ್ಟು’ ಎನ್ನುವುದು ಹೊಸ ಅರ್ಥದ್ದು. ಆಡುವ ಹುಡುಗನಿಗಾದರೋ ಮುಂದಿನ ವಾರ ಇನ್ನೊಂದು ಪಂದ್ಯವಿರುತ್ತದೆ. ಮನೆಯಲ್ಲಿ ಆಡಿದ ಮಾತು ಮಗುವಿನೊಡನೆ ಬಹಳ ಕಾಲ ಉಳಿಯುತ್ತದೆ.

ಮಿನ್ನೆಸೋಟವು ಪ್ರಶಸ್ತಿ ಗೆದ್ದದ್ದು 2003ರಲ್ಲಿ. 2024ರ ಪಂದ್ಯಾವಳಿಯಲ್ಲಿ ಬಾಸ್ಟನ್ ವಿಶ್ವವಿದ್ಯಾಲಯಕ್ಕೆ 6-3ರಿಂದ ಸೋತಿತು. 2025ರ ಮಾರ್ಚ್‌ನಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯಕ್ಕೆ ಮತ್ತೆ ಹೆಚ್ಚುವರಿ ಅವಧಿಯಲ್ಲಿ 5-4ರಿಂದ ಸೋತಿತು. ಎರಡನೆಯ ಸೋಲಿನ ಸುದ್ದಿಯನ್ನು ಮೊಮ್ಮಗನು ಫೋನಿನಲ್ಲಿ ತನ್ನ ಅರ್ಧ ಕನ್ನಡದಲ್ಲಿ ನಮಗೆ ವಿವರಿಸಿದನು. ಮ್ಯಾಸಚೂಸೆಟ್ಸ್‌ನವರು ಚೆನ್ನಾಗಿ ಆಡಿದರೆಂದು ಮೊದಲು ಹೇಳಿ, ಗೋಲುಗಳನ್ನು ಒಂದೊಂದಾಗಿ ಕ್ರಮದಲ್ಲಿ ಹೇಳಿದನು. ಕೊನೆಯಲ್ಲಿ ಅಂಪೈರರನ್ನು ಮಾತ್ರ ಬೈದನು. ಅವರ ವಿಷಯವನ್ನು ಮುಂದಿನ ಸಲ ಹೋದಾಗ ಮಾತನಾಡೋಣವೆಂದುಕೊಂಡು ಸುಮ್ಮನಾದೆವು.