ಕೇದಾರತಾಲದ ದಾರಿಯಲ್ಲಿ

ನಿಧಾನವಾಗಿ ನಡೆಯುವುದಕ್ಕೂ ಶಕ್ತಿ ಬೇಕು ಎಂಬುದನ್ನು ನನಗೆ ಮನಗಾಣಿಸಿದ್ದು ಕೇದಾರತಾಲ ಸರೋವರದ ದಾರಿ. ಉತ್ತರಾಖಂಡದ ಗಂಗೋತ್ರಿಯಿಂದ ಹೊರಟರೆ ಸರೋವರಕ್ಕೆ ಸುಮಾರು 18 ಕಿಲೋಮೀಟರ್. ದೂರ ಹೆಚ್ಚಲ್ಲ, ಏರು ಹೆಚ್ಚು. 3,100 ಮೀಟರಿನ ಆಸುಪಾಸಿನಿಂದ 4,750 ಮೀಟರಿನವರೆಗೆ ಹತ್ತಬೇಕು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 2,000 ಮೀಟರನ್ನೂ ಮುಟ್ಟುವುದಿಲ್ಲ. ಅದರ ನೆತ್ತಿಗಿಂತ ಸಾವಿರ ಮೀಟರ್ ಮೇಲಿನಿಂದ ಇಲ್ಲಿನ ಮೊದಲ ಹೆಜ್ಜೆ.

ಕೆಳಗೆ ಕಮರಿಯಲ್ಲಿ ಕೇದಾರಗಂಗೆ ಭೋರ್ಗರೆಯುತ್ತಾಳೆ. ಈ ಸರೋವರದ ನೀರೇ ಹೊಳೆಯಾಗಿ ಇಳಿದು ಗಂಗೋತ್ರಿಯಲ್ಲಿ ಭಾಗೀರಥಿಯನ್ನು ಸೇರುತ್ತದೆ. ಪೈನ್ ಮರಗಳು ಹಿಂದೆ ಬಿದ್ದ ಮೇಲೆ ಭೂರ್ಜವೃಕ್ಷಗಳು ಸಿಗುತ್ತವೆ. ಭೋಜಖರಕ್ ಎಂಬ ಬಿಡಾರದ ಜಾಗಕ್ಕೆ ಹೆಸರು ಬಂದದ್ದು ಇವುಗಳಿಂದಲೇ. ತೊಗಟೆ ಪದರ ಪದರವಾಗಿ ಸುಲಿದು ಗಾಳಿಗೆ ಪಟಪಟಿಸುತ್ತಿರುತ್ತದೆ. ಒಳಮೈ ತಿಳಿಗುಲಾಬಿ, ಮೇಲೆಲ್ಲ ಅಡ್ಡಡ್ಡ ಸಣ್ಣ ಗೆರೆಗಳು. ನಮ್ಮ ಕಡೆ ತಾಳೆಗರಿ ಇದ್ದಂತೆ ಅಲ್ಲಿ ಬರೆಯಲು ಇದೇ ಇತ್ತು. ಸೊನ್ನೆಯನ್ನು ಚುಕ್ಕೆಯಾಗಿ ಬರೆದ ಬಖ್ಶಾಲಿ ಗಣಿತದ ಹಸ್ತಪ್ರತಿಯೂ ಭೂರ್ಜಪತ್ರದ್ದೇ. ವರ್ಷದಲ್ಲಿ ಹಲವು ತಿಂಗಳು ಹಿಮದಲ್ಲಿ ನಿಲ್ಲುವ ಈ ಮರ ಬಹಳ ಮೆಲ್ಲಗೆ ಬೆಳೆಯುತ್ತದೆ. ಅದರ ತೊಗಟೆ ಕೀಳಬೇಡಿ, ನೋಡಿದರೆ ಸಾಕು.

ಅಲ್ಲಿಂದ ಮುಂದೆ ಮರಗಳೇ ಇಲ್ಲ. ಕಲ್ಲುರುಳುವ ಇಳಿಜಾರು, ಗಿಡ್ಡ ಹುಲ್ಲು, ಬಂಡೆಯ ಬಣ್ಣದಲ್ಲೇ ಕರಗಿ ನಿಂತ ಭರಲ್ ಕುರಿಗಳು. ಒಂದೊಂದು ಹೆಜ್ಜೆಗೂ ಉಸಿರು ಲೆಕ್ಕ ಕೇಳುತ್ತದೆ. ಸರೋವರದ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಅದರಿಂದಾಗುವ ಆಮ್ಲಜನಕದ ಕೊರತೆಯನ್ನು ದೇಹ ಮೊದಲು ಉಸಿರಾಟದ ವೇಗ ಹೆಚ್ಚಿಸಿ ತುಂಬಿಕೊಳ್ಳುತ್ತದೆ. ಕೆಂಪು ರಕ್ತಕಣಗಳು ಹೆಚ್ಚಲು ವಾರಗಳೇ ಬೇಕು. ಗಟ್ಟಿಮುಟ್ಟಾದ ಹರೆಯದವರಿಗೂ ಇದರಲ್ಲಿ ರಿಯಾಯಿತಿಯಿಲ್ಲ. ತಲೆನೋವು, ವಾಕರಿಕೆ ಬಂದರೆ ಮೇಲೇರುವುದನ್ನು ನಿಲ್ಲಿಸಬೇಕು. ಹೆಚ್ಚಾದರೆ ಕೆಳಗಿಳಿಯುವುದೇ ಮದ್ದು.

ಕೊನೆಗೆ ಹಿಮನದಿ ತಂದು ಸುರಿದ ಕಲ್ಲುರಾಶಿಯನ್ನು ದಾಟಿದೊಡನೆ ಕೆಳಗೆ ಹಸಿರು ಬೆರೆತ ನೀಲಿ ನೀರು. ಎದುರಿಗೆ 6,904 ಮೀಟರಿನ ಥಲಯ್ ಸಾಗರ್ ಶಿಖರ. ಗಾಳಿ ನಿಂತಾಗ ಇಡೀ ಶಿಖರ ನೀರಿನೊಳಗೆ ತಲೆಕೆಳಗಾಗಿ ಮೂಡುತ್ತದೆ. ನೀರಿಗೆ ಆ ಬಣ್ಣ ಬಂದದ್ದು ಕಲ್ಲಿನ ಹಿಟ್ಟಿನಿಂದ. ಹಿಮನದಿ ಬೀಸುಕಲ್ಲಿನ ಹಾಗೆ ಬಂಡೆಯನ್ನು ಅರೆಯುತ್ತದೆ. ಆ ನುಣುಪು ಹಿಟ್ಟು ನೀರಿನಲ್ಲಿ ತೇಲುತ್ತ ಬೆಳಕನ್ನು ಚದುರಿಸುತ್ತದೆ. ಸಾವಿರಾರು ವರ್ಷಗಳ ಅವಸರವಿಲ್ಲದ ಕೆಲಸ ಅದು.

ಇಂಥ ಜಾಗಕ್ಕೆ ವಾರಾಂತ್ಯದ ಓಟದಲ್ಲಿ ಹೋಗಿ ಫೋಟೋ ತೆಗೆದು ಬರುವುದು ದೇಹಕ್ಕೂ ಒಳ್ಳೆಯದಲ್ಲ, ಬೆಟ್ಟಕ್ಕೂ ಮರ್ಯಾದೆಯಲ್ಲ. ಹೋಗುವವರು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ, ದಾರಿ ಬಲ್ಲ ಗಢವಾಲಿಯೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಎಲ್ಲಕ್ಕಿಂತ ಮೊದಲು, ರಜೆ ಹಾಕುವಾಗಲೇ ಗಂಗೋತ್ರಿಯಲ್ಲಿ ತಂಗಲು ಎರಡು ದಿನ ಹೆಚ್ಚಿಗೆ ಬರೆಯಿರಿ.