ಬನಿಯನ್ ಗೋದಾಮಿನಲ್ಲಿ ಮೊಯಿಲಾಂಜಿ ಪಾಟ್

ನಮ್ಮ ಕಡೆಯ ಬಟ್ಟೆ ಅಂಗಡಿಯವರಿಗೆ ತಿರುಪ್ಪೂರಿನ ಖಾದರ್‌ಪೇಟೆಯನ್ನು ಪರಿಚಯಿಸುವ ಅಗತ್ಯವಿಲ್ಲ. ವಿದೇಶಕ್ಕೆಂದು ಹೊಲಿದು ಉಳಿದದ್ದು, ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾಗಿ ಬೇಡವಾದದ್ದು ಎಲ್ಲವೂ ಕೊನೆಗೆ ಬಂದು ಸೇರುವುದು ಆ ಗಲ್ಲಿಗಳಿಗೆ. ‘ವಾಂಗ ಬಾಯ್’ ಎಂದು ಕರೆದು ಕೂರಿಸಿ, ಚಹಾ ಕೊಟ್ಟು, ಆಮೇಲೆ ರೇಟು ಹೇಳುತ್ತಾರೆ. ಚಹಾ ಕುಡಿದವನಿಗೆ ಚೌಕಾಸಿ ಮಾಡುವ ಧೈರ್ಯ ಅರ್ಧಕ್ಕೆ ಇಳಿದಿರುತ್ತದೆ. ನಾನು ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಅಲ್ಲಿ ಖರೀದಿ ಮಾಡುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಅಲ್ಲಿಂದ ತಂದ ಒಂದು ಲಾಟಿನಲ್ಲಿ ಅರುವತ್ತು ಕಪ್ಪು ಟೀ ಶರ್ಟುಗಳಿದ್ದವು. ಎದೆಯ ಮೇಲೆ ಚಿಟಿಕೆ ಹೊಡೆಯುವ ಒಂದು ಕೈ, ಅದರ ಜೊತೆ ‘ಸ್ಟಾಕ್ಸ್’ ಎಂಬ ಹೆಸರು. ಅಳತೆ ಎಲ್ಲವೂ ಡಬಲ್ ಎಕ್ಸೆಲ್. ನಮ್ಮೂರಲ್ಲಿ ಅದನ್ನು ಹಾಕುವಷ್ಟು ದೊಡ್ಡ ಹುಡುಗರಿಲ್ಲ. ಇದು ಯಾವುದೋ ಶೇರು ಮಾರುಕಟ್ಟೆಯ ಜಾಹೀರಾತು ಇರಬೇಕು ಎಂದು ಅಂಗಡಿಯ ಹುಡುಗ ಹೇಳಿದ. ಸೌಂಡ್ ಎಂಜಿನಿಯರಿಂಗ್ ಕಲಿಯುತ್ತಿದ್ದ ನನ್ನ ತಂಗಿಯ ಮಗ ಮಾತ್ರ ಅದನ್ನು ಕಂಡದ್ದೇ ಎರಡು ತೆಗೆದು ಚೀಲಕ್ಕೆ ಹಾಕಿಕೊಂಡ. “ಮಾಮ, ಇದು ಯಾರದ್ದೆಂದು ಗೊತ್ತುಂಟಾ?” ಎಂದು ಶುರು ಮಾಡಿದವನು ರಾತ್ರಿ ಊಟದವರೆಗೂ ನಿಲ್ಲಿಸಲಿಲ್ಲ.

ಅವನು ಹೇಳಿದ ಕತೆ ಅಮೆರಿಕದ ಮೆಂಫಿಸ್ ಎಂಬ ಊರಿನದ್ದು. ಜಿಮ್ ಸ್ಟೀವರ್ಟ್ ಎಂಬ ಬ್ಯಾಂಕ್ ನೌಕರ, ಅವನ ಅಕ್ಕ ಎಸ್ಟೆಲ್ ಆಕ್ಸ್‌ಟನ್. ರೆಕಾರ್ಡಿಂಗ್ ಯಂತ್ರ ಕೊಳ್ಳಲು ಅಕ್ಕ ತನ್ನ ಮನೆಯನ್ನೇ ಅಡವಿಟ್ಟಳು. 1960ರಲ್ಲಿ ಅವರು ಮುಚ್ಚಿಹೋಗಿದ್ದ ಕ್ಯಾಪಿಟಲ್ ಎಂಬ ಸಿನಿಮಾ ಟಾಕೀಸನ್ನು ಬಾಡಿಗೆಗೆ ಹಿಡಿದರು. ಕುರ್ಚಿಗಳನ್ನು ಕಿತ್ತರು, ಆದರೆ ಟಾಕೀಸಿನ ಇಳಿಜಾರು ನೆಲವನ್ನು ಸಮ ಮಾಡಲು ಹೋಗಲಿಲ್ಲ. ಪರದೆ ಇದ್ದ ವೇದಿಕೆಯ ಮೇಲೆ ಯಂತ್ರಗಳ ಕೋಣೆ ಮಾಡಿದರು. ತಿಂಡಿ ಮಾರುತ್ತಿದ್ದ ಕೌಂಟರಿನಲ್ಲಿ ಅಕ್ಕ ಗ್ರಾಮಫೋನ್ ತಟ್ಟೆಗಳ ಅಂಗಡಿ ಇಟ್ಟಳು. ಆ ಇಳಿಜಾರು ನೆಲ, ಎತ್ತರದ ಮಾಡು ಸೇರಿ ಒಂದು ಬೇರೆಯೇ ಸದ್ದು ಹುಟ್ಟಿತು. ಕರಿಯರು, ಬಿಳಿಯರು ಒಂದೇ ಬೆಂಚಿನಲ್ಲಿ ಕೂರಲಾಗದ ಊರಿನಲ್ಲಿ ಆ ಕೋಣೆಯೊಳಗೆ ಇಬ್ಬರು ಕರಿಯರು, ಇಬ್ಬರು ಬಿಳಿಯರು ಸೇರಿ ನುಡಿಸುತ್ತಿದ್ದರು. ಓಟಿಸ್ ರೆಡ್ಡಿಂಗ್ ತನ್ನ ಅತಿ ಹೆಸರಾದ ಹಾಡನ್ನು ಅಲ್ಲೇ ಹಾಡಿ, ಕೆಲವೇ ದಿನಗಳಲ್ಲಿ, 1967ರ ಡಿಸೆಂಬರ್ 10ರಂದು ವಿಮಾನ ಅಪಘಾತದಲ್ಲಿ ತೀರಿಹೋದ. ಅವನಿಗೆ 26 ವರ್ಷ.

ಮರುವರ್ಷ ಸ್ಟಾಕ್ಸ್‌ನವರಿಗೆ ಇನ್ನೊಂದು ಪೆಟ್ಟು ಬಿತ್ತು. ಹಾಡುಗಳನ್ನು ಮಾರಿಕೊಡುತ್ತಿದ್ದ ದೊಡ್ಡ ಕಂಪನಿಯೊಂದಿಗೆ ಮಾಡಿದ್ದ ಕರಾರಿನ ಪ್ರಕಾರ, ಅಲ್ಲಿಯವರೆಗೆ ಆ ಮೂಲಕ ಮಾರಾಟವಾಗಿದ್ದ ಹಾಡುಗಳ ಮೂಲ ಟೇಪುಗಳ ಹಕ್ಕು ಇವರದ್ದಾಗಿರಲಿಲ್ಲ. ವ್ಯಾಪಾರಸ್ಥನಾದ ನನಗೆ ಇಡೀ ಕತೆಯಲ್ಲಿ ಹೊಟ್ಟೆ ಚುರ್ ಎಂದದ್ದು ಇಲ್ಲಿ. 1975ರಲ್ಲಿ ಸ್ಟಾಕ್ಸ್ ದಿವಾಳಿಯಾಯಿತು, 1989ರಲ್ಲಿ ಕಟ್ಟಡವನ್ನೇ ಒಡೆದು ಹಾಕಿದರು. 2003ರಲ್ಲಿ ಅದೇ ಜಾಗದಲ್ಲಿ ಅದೇ ರೂಪದ ಕಟ್ಟಡ ಎಬ್ಬಿಸಿ ಮ್ಯೂಸಿಯಂ ಮಾಡಿದ್ದಾರೆ. ಅದೇ ಊರಿನಲ್ಲಿ ಇನ್ನೊಂದು ಹಳೆಯ ಟಾಕೀಸು, ರಾಯಲ್, ಅಲ್ ಗ್ರೀನ್ ಹಾಡಿದ ಜಾಗ, ಒಡೆಯದೆ ಉಳಿದು ಈಗಲೂ ಸ್ಟುಡಿಯೋವಾಗಿಯೇ ಇದೆ. ಡೆಟ್ರಾಯಿಟ್‌ನ ಮೋಟೌನ್‌ನವರು 1959ರಲ್ಲಿ ಶುರು ಮಾಡಿದ್ದು ಒಂದು ಸಾಧಾರಣ ಮನೆಯಲ್ಲಿ. ದನಿ ಗುಂಯ್‌ಗುಟ್ಟಲು ಅವರು ಬಳಸಿದ್ದು ಮನೆಯ ಅಟ್ಟವನ್ನು.

ಈ ಕತೆ ತಲೆಯಲ್ಲಿದ್ದಾಗಲೇ ಒಮ್ಮೆ ವೆಸ್ಟ್ ಕೋಸ್ಟ್ ರೈಲಿನಲ್ಲಿ ತಿರುಪ್ಪೂರಿಗೆ ಹೋಗುತ್ತಿದ್ದೆ. ಕೊಯಮತ್ತೂರು ಬಿಟ್ಟ ಮೇಲೆ ಪೀಲಮೇಡು ದಾಟಿ ಸಿಂಗಾನಲ್ಲೂರು ಎಂಬ ಸಣ್ಣ ಸ್ಟೇಶನ್ ಬರುತ್ತದೆ. ನಮ್ಮ ಗಾಡಿ ಅಲ್ಲಿ ನಿಲ್ಲುವುದಿಲ್ಲ. ಎದುರು ಕೂತಿದ್ದ ವಯಸ್ಸಾದ ತಮಿಳರೊಬ್ಬರು ಕಿಟಕಿಯ ಆಚೆ ಕೈ ತೋರಿಸಿ, ಎಂಜಿಆರ್ ಮೊದಲು ಹೀರೋ ಆದದ್ದು ಈ ಊರಲ್ಲಿ ಎಂದರು. ಮನೆಗೆ ಬಂದು ಹುಡುಕಿ ಓದಿದೆ. ಅವರು ಹೇಳಿದ್ದು ನಿಜ.

ಪೈಕಾರಾದ ಜಲವಿದ್ಯುತ್ 1930ರ ದಶಕದಲ್ಲಿ ಕೊಯಮತ್ತೂರಿಗೆ ಬಂದ ಮೇಲೆ ನೂಲಿನ ಗಿರಣಿಗಳು ಸಾಲುಸಾಲಾಗಿ ಎದ್ದವು. ಕರೆಂಟು, ದುಡ್ಡು ಎರಡೂ ಇದ್ದ ಊರಲ್ಲಿ ಸಿನಿಮಾ ಸ್ಟುಡಿಯೋಗಳೂ ಎದ್ದವು. ಸಿಂಗಾನಲ್ಲೂರಿನ ಸೆಂಟ್ರಲ್ ಸ್ಟುಡಿಯೋಸ್ ಅವುಗಳಲ್ಲಿ ದೊಡ್ಡದು. ತ್ಯಾಗರಾಜ ಭಾಗವತರ ‘ಶಿವಕವಿ’ (1943), ಮೂರು ದೀಪಾವಳಿ ಕಂಡ ‘ಹರಿದಾಸ್’ (1944), ಎಂಜಿಆರ್ ನಾಯಕನಾದ ‘ರಾಜಕುಮಾರಿ’ (1947) ಎಲ್ಲ ಅಲ್ಲಿಯವು. ಟಿ.ಎಂ. ಸೌಂದರರಾಜನ್ ಸಿನಿಮಾಕ್ಕೆ ಮೊದಲು ಹಾಡಿದ ‘ಕೃಷ್ಣ ವಿಜಯಂ’ ಕೂಡ ಅಲ್ಲಿಯದೇ.

ಅಲ್ಲಿ ಜೂಪಿಟರ್ ಪಿಕ್ಚರ್ಸ್‌ನವರ ಬಳಿ ಚಹಾ ಕೊಡುವ, ಹಾರ್ಮೋನಿಯಂ ಒರೆಸುವ ಕೆಲಸಕ್ಕೆ ಪಾಲಕ್ಕಾಡ್ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ನಾವು ಮಂಗಳೂರಿನಿಂದ ಹೋಗುವ ರೈಲು ದಾರಿಯ ಹುಡುಗನೇ. ಸಂಗೀತ ನಿರ್ದೇಶಕ ಎಸ್.ಎಂ. ಸುಬ್ಬಯ್ಯ ನಾಯ್ಡು ಅವರಿಗೆ ಒಂದು ಧಾಟಿ ಕೂಡಿಬಾರದೆ ಇದ್ದಾಗ ಈ ಹುಡುಗ ತನ್ನಷ್ಟಕ್ಕೆ ಒಂದು ಧಾಟಿ ಕಟ್ಟಿದ, ನಾಯ್ಡು ಅದನ್ನೇ ಸಿನಿಮಾಕ್ಕೆ ಹಾಕಿದರು, ಕಂಪನಿ ಮದ್ರಾಸಿಗೆ ಹೊರಟು ನಿಂತಾಗ ‘ಇದು ಆ ಹುಡುಗನದ್ದು, ಅವನನ್ನು ಕೈಬಿಡಬೇಡಿ’ ಎಂದರು ಎಂದು ಹೇಳುತ್ತಾರೆ. ಆ ಹುಡುಗನೇ ಎಂ.ಎಸ್. ವಿಶ್ವನಾಥನ್.

ನಮ್ಮ ಉಮ್ಮಂದಿರಿಗೆ ಹತ್ತಿರದ ಹೆಸರು ಬೇಕೆಂದರೆ ದಿಲೀಪ್ ಕುಮಾರ್. ಸೆಂಟ್ರಲ್ ಬಿಟ್ಟು ಹೊರಬಂದ ಶ್ರೀರಾಮುಲು ನಾಯ್ಡು ಅದೇ ಊರಲ್ಲಿ ಪಕ್ಷಿರಾಜ ಸ್ಟುಡಿಯೋ ನಡೆಸಿದರು. 1954ರಲ್ಲಿ ‘ಮಲೈಕ್ಕಳ್ಳನ್’ ತೆಗೆದು, ಅದೇ ಕತೆಯನ್ನು ಭಾಷೆಯಿಂದ ಭಾಷೆಗೆ ಮಾಡಿದರು. ಹಿಂದಿಯಲ್ಲಿ ‘ಆಜಾದ್’ (1955), ಕನ್ನಡದಲ್ಲಿ ‘ಬೆಟ್ಟದ ಕಳ್ಳ’ (1957). ದಿಲೀಪ್ ಕುಮಾರ್, ಮೀನಾ ಕುಮಾರಿ ಕೊಯಮತ್ತೂರಿಗೆ ಬಂದು ನಟಿಸಿ ಹೋದರು. ಆಗ ಕನ್ನಡಕ್ಕೂ ಅದೇ ಪಾಡು. ನಮ್ಮ ಮೊದಲ ಟಾಕಿ ‘ಸತಿ ಸುಲೋಚನ’ (1934) ತಯಾರಾದದ್ದೇ ಕೊಲ್ಹಾಪುರದಲ್ಲಿ. ಹಾಡಿಗಾಗಿ ಮದ್ರಾಸಿಗೆ ಹೋಗುವ ದಾರಿ ಬಹಳ ಕಾಲ ನಿಲ್ಲಲಿಲ್ಲ. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಇದೇ ಸಂಕಟಕ್ಕೆ.

ಹಾಗಾದರೆ ಬ್ಯಾರಿಗಳ ಹಾಡು? ಕ್ಯಾಸೆಟ್ ಕಾಲದಲ್ಲಿ ನಮ್ಮ ಮನೆಗಳಲ್ಲಿ ಕೇಳುತ್ತಿದ್ದದ್ದು ಎರಂಞೋಳಿ ಮೂಸ, ಪೀರ್ ಮುಹಮ್ಮದ್, ವಿ.ಎಂ. ಕುಟ್ಟಿ. ಒಳ್ಳೆಯ ಹಾಡುಗಳೇ, ನನಗೂ ಪ್ರೀತಿ. ಆದರೆ ಅದು ಮಲಯಾಳದ್ದು. ನಮ್ಮ ಕೋಲ್ಕಳಿ ಪಾಟ್ ಗಂಡಸರ ಆಟದ ಜೊತೆ ಹೇಗೋ ವೇದಿಕೆ ಹತ್ತಿತು. ಮದುವೆ ಮನೆಯ ಮೊಯಿಲಾಂಜಿ ಪಾಟ್, ತೊಟ್ಟಿಲ ಉಂಜಲ್ ಪಾಟ್ ಹಾಡುತ್ತಿದ್ದದ್ದು ಹೆಂಗಸರು, ಒಳಮನೆಯಲ್ಲಿ. ಅಲ್ಲಿಗೆ ಮೈಕ್ ಹೋಗಲಿಲ್ಲ. ಈಗ ಮದುವೆ ಹಾಲ್‌ಗಳಲ್ಲಿ ಮೈಕ್ ಮಾತ್ರ ಇದೆ.

ನನ್ನ ಉಮ್ಮನ ಅಕ್ಕನಿಗೆ ಎಂಬತ್ತು ದಾಟಿದೆ. ಮೊಯಿಲಾಂಜಿ ಪಾಟ್ ಪೂರ್ತಿ ಬರುವವರು ನಮ್ಮ ಕುಟುಂಬದಲ್ಲಿ ಉಳಿದಿರುವುದು ಅವರೊಬ್ಬರೇ. ತಂಗಿಯ ಮಗ ಅವರನ್ನು ಮಂಗಳೂರಿನ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋದ. ಚೆನ್ನಾದ ಸ್ಟುಡಿಯೋ, ಎ.ಸಿ., ಗಾಜಿನ ಆಚೆ ಎಂಜಿನಿಯರ್. ಕಿವಿಗೆ ಹೆಡ್‌ಫೋನ್ ಹಾಕಿಸಿದರು. ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟರು. “ಮೋನೆ, ಇಲ್ಲಿ ಮದುಮಗಳೇ ಇಲ್ಲ. ಯಾರ ಕೈ ನೋಡಿಕೊಂಡು ಹಾಡುವುದು?” ಎಂದರಂತೆ.

ಆಮೇಲೆ ಅವನು ಕೇಳಿದ್ದು ನನ್ನ ಗೋದಾಮನ್ನು. ನನಗೆ ಮೊದಲು ನಗು ಬಂತು. ಅವನು ಒಳಗೆ ಬಂದು ಒಮ್ಮೆ ಚಪ್ಪಾಳೆ ತಟ್ಟಿ ತೋರಿಸಿದ. ಸದ್ದು ತಿರುಗಿ ಬರಲಿಲ್ಲ. ನೆಲದಿಂದ ಮಾಡಿನವರೆಗೆ ಮೂರು ಗೋಡೆಗೂ ತಿರುಪ್ಪೂರಿನ ಬನಿಯನ್ ಬಂಡಲ್‌ಗಳು. ಸ್ಟುಡಿಯೋದವರು ದುಡ್ಡು ಕೊಟ್ಟು ಗೋಡೆಗೆ ಅಂಟಿಸುವ ಸ್ಪಂಜಿನ ಕೆಲಸವನ್ನು ನನ್ನ ಮಾರಾಟವಾಗದ ಮಾಲು ಪುಕ್ಕಟೆ ಮಾಡುತ್ತಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಚಾಪೆ ಹಾಸಿದೆವು. ಫ್ಯಾನ್ ನಿಲ್ಲಿಸಿದೆವು. ನೆರೆಮನೆಯ ಇಬ್ಬರು, ನನ್ನ ಹೆಂಡತಿ, ತಂಗಿ, ಕೈ ಚಾಚಿ ಕೂರಲು ತಂಗಿಯ ಮಗಳು. ಮೈಲಾಂಜಿ ನಿಜವಾಗಿಯೂ ಕಲಸಿದ್ದರು. ನಡುವೆ ಒಂದೇ ಮೈಕ್, ಹಳೆಯ ಕಾಲದವರ ಹಾಗೆ. ಗಂಡಸರಿಗೆ ಒಳಗೆ ಜಾಗವಿಲ್ಲ ಎಂದರು. ತಂಗಿಯ ಮಗನೂ ಯಂತ್ರ ಒತ್ತಿಕೊಟ್ಟು ಹೊರಗೆ ಬಂದ. ನಾವಿಬ್ಬರು ಶಟರ್‌ನ ಹೊರಗೆ ಬಿಸಿಲಲ್ಲಿ ಕೂತೆವು.

ಆ ದಿನ ಐದು ಹಾಡು ಸಿಕ್ಕಿತು. ಮೂರನೆಯದರಲ್ಲಿ ಮದುಮಗಳ ಹೆಸರು ಸೇರಿಸಿ ಹಾಡುವ ಒಂದು ಜಾಗ ಉಂಟು. ಎದುರಿಗೆ ಕೂತ ಹುಡುಗಿಯ ಹೆಸರು ಬರಬೇಕಿತ್ತು. ರಾತ್ರಿ ಕೇಳಿದಾಗ ಅಲ್ಲಿ ಇರುವುದು ನನ್ನ ಉಮ್ಮನ ಹೆಸರು. ಆ ಹಾಡನ್ನು ಅವರು ಪೂರ್ತಿಯಾಗಿ ಕೊನೆಯ ಸಲ ಹಾಡಿದ್ದು ತಂಗಿಯ ಮದುವೆಯಲ್ಲಂತೆ. ಉಮ್ಮ ತೀರಿಹೋಗಿ ಒಂಬತ್ತು ವರ್ಷ. ಮತ್ತೊಮ್ಮೆ ಹಾಡಿಸೋಣವೇ ಎಂದು ತಂಗಿಯ ಮಗ ಕೇಳಿದ. ಬೇಡ ಎಂದೆ.

ಆ ಐದು ಹಾಡನ್ನು ಮೂರು ಕಡೆ ಇಟ್ಟಿದ್ದೇವೆ. ಒಂದು ಪ್ರತಿ ಅವರದೇ ಮೊಮ್ಮಗಳ ಹತ್ತಿರ. ಯಾರಿಗೂ ಹಕ್ಕು ಬರೆದುಕೊಟ್ಟಿಲ್ಲ. ಆರನೆಯ ಹಾಡಿನ ಧಾಟಿ ಮಾತ್ರ ಅವರಿಗೆ ನೆನಪಿದೆ, ಮಾತು ಇಲ್ಲ. ಅದರ ಮಾತು ಬಲ್ಲ ಒಬ್ಬರು ಉಪ್ಪಳದಲ್ಲಿದ್ದಾರೆ, ನಡೆಯಲಾಗುವುದಿಲ್ಲ ಎಂದು ಕೇಳಿದ್ದೇವೆ. ಮುಂದಿನ ಭಾನುವಾರ ಎಲ್ಲರೂ ಅಲ್ಲಿಗೆ ಹೊರಟಿದ್ದೇವೆ. ಡಿಕ್ಕಿಯಲ್ಲಿ ಮೈಕಿನ ಜೊತೆ ನಾಲ್ಕು ಬಂಡಲ್ ಬನಿಯನ್ ಕೂಡ ಹಾಕಬೇಕು ಎಂದಿದ್ದಾನೆ ತಂಗಿಯ ಮಗ.