ಬಿಂದು ಬಿದ್ದುಹೋದ ಸ್ವರಗಳು

ಮಳವಳ್ಳಿಯ ನಮ್ಮ ಸೋದರತ್ತೆ ತಾವು ಹಾಡುತ್ತಿದ್ದ ಜಿನಸ್ತುತಿಗಳನ್ನು ಸ್ವರಲಿಪಿಯೊಡನೆ ನೋಟುಪುಸ್ತಕವೊಂದರಲ್ಲಿ ಬರೆದಿಟ್ಟಿದ್ದರು. ಅವರು ಗತಿಸಿದ ಬಳಿಕ ಮಂಡ್ಯದ ಮನೆಯಲ್ಲಿ ಕುಳಿತು ನಾನೇ ಬೆರಳಚ್ಚು ಮಾಡಿದೆ. ಮದ್ದೂರಿನಿಂದ ಬಂದ ಕರಡಚ್ಚಿನಲ್ಲಿ ಬಿಂದುಗಳೇ ಇರಲಿಲ್ಲ.

ಸ್ವರದ ಕೆಳಗಿನ ಬಿಂದು ಮಂದ್ರಸ್ಥಾಯಿ, ಮೇಲಿನದು ತಾರ. ಬಿಂದು ಹೋದರೆ ಎಲ್ಲವೂ ಮಧ್ಯಸ್ಥಾಯಿಯೇ. ಸಾಹಿತ್ಯದಲ್ಲಿ ಅಕ್ಷರ ತಪ್ಪಿದರೆ ಓದುಗ ಊಹಿಸಿಕೊಂಡಾನು. ಇಲ್ಲಿ ತಪ್ಪಿದೆಯೆಂಬುದೇ ತಿಳಿಯದು.

ನಾನು ಬಳಸಿದ್ದು ಶಿಷ್ಯನೊಬ್ಬ ಮಾಡಿಕೊಟ್ಟ, ಯೂನಿಕೋಡ್‌ಪೂರ್ವ ಬಗೆಯ ಫಾಂಟು. ಅದರಲ್ಲಿ ಬಿಂದುಗಳು ರೋಮನ್ ಚಿಹ್ನೆಗಳ ಸಂಕೇತಸ್ಥಾನಗಳಲ್ಲಿ ಕುಳಿತಿದ್ದವು. ಅಚ್ಚಿಗೆಂದು ಕಡತವನ್ನು ಯೂನಿಕೋಡಿಗೆ ತಿರುಗಿಸಿದಾಗ ಪರಿವರ್ತಕವು ಅಕ್ಷರಗಳನ್ನು ಉಳಿಸಿಕೊಂಡು ಬಿಂದುಗಳನ್ನು ಕಸವೆಂದು ಬಿಸುಟಿತ್ತು. ಯೂನಿಕೋಡಿನಲ್ಲಿ ಬಿಂದುಗಳಿಲ್ಲವೆಂದಲ್ಲ: 0307 ಮೇಲಿನದು, 0323 ಕೆಳಗಿನದು. ಆದರೆ ಅವನ್ನು ಕನ್ನಡಾಕ್ಷರಕ್ಕೆ ಕೂಡಿಸುವ ಏರ್ಪಾಡು ಫಾಂಟಿನಲ್ಲಿಲ್ಲದಿದ್ದರೆ ಬಿಂದು ಪಕ್ಕಕ್ಕೆ ಸರಿಯುತ್ತದೆ, ಇಲ್ಲವೆ ಚುಕ್ಕಿಗಳ ಖಾಲಿ ವೃತ್ತವೊಂದು ಮೂಡುತ್ತದೆ. (ಹಳಗನ್ನಡದ ೞಕಾರಕ್ಕೆ ಯೂನಿಕೋಡ್ ‘ಫಾ’ ಎಂದು ತಪ್ಪು ಹೆಸರಿಟ್ಟಿದೆ; ಅದಕ್ಕೆ ಸ್ಥಾನವಾದರೂ ಇದೆ.)

ಕೊನೆಗೆ ಮೂಲ ಫಾಂಟನ್ನು ಒಳಗೂಡಿಸಿದ ಪಿಡಿಎಫ್ ಕಳುಹಿಸಿದೆ. ಬಿಂದುಗಳು ಮರಳಿದವು. ಆದರೂ ಸಾಲುಸಾಲನ್ನೂ ಹಾಡಿಕೊಂಡೇ ತಾಳೆನೋಡಿದೆ. ಒಂದು ನಿಷಾದದ ಕೆಳಗಿರುವುದು ಬಿಂದುವೋ ಶಾಯಿಯ ಕಲೆಯೋ ತಿಳಿಯಲಿಲ್ಲ. ಅತ್ತೆಯ ಮಗಳಿಂದ ಫೋನಿನಲ್ಲಿ ಹಾಡಿಸಿದೆ, ಆಕೆ ಮಂದ್ರಕ್ಕಿಳಿದಳು.